ಡಿಫ್ರಾಗ್ ಮತ್ತು ನನ್ನ ಎರಡು ಹಾರ್ಡ್ ಡಿಸ್ಕ್‌ಗಳು: ಹನ್ನೊಂದು ವರ್ಷಗಳ ಬಳಕೆಯ ನಂತರ

ನಮ್ಮ ತಂದೆಯವರು ಧ್ವನಿಮುದ್ರಿಸಿಟ್ಟಿದ್ದ ತಾಳಮದ್ದಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆಂದೇ 2014ರಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್ ಕೊಂಡೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ವೇವ್ ಕಡತವಾಗಿ ಸುಮಾರು 950 ಎಂಬಿ ಆಗುತ್ತದೆ. ಒಂದು ಕ್ಯಾಸೆಟ್ ಇಳಿಯುತ್ತಿರುವಾಗಲೇ ಹಿಂದಿನದನ್ನು ಕತ್ತರಿಸಿ ಉಳಿಸುವುದು ನನ್ನ ಅಭ್ಯಾಸ. ಹೀಗೆ ಎರಡು ಕಡತಗಳು ಏಕಕಾಲಕ್ಕೆ ಬೆಳೆಯುವಾಗ ಒಂದರ ತುಂಡಿನ ಪಕ್ಕಕ್ಕೆ ಇನ್ನೊಂದರ ತುಂಡು ಬಂದು ಕೂರುತ್ತದೆ; ಹಳೆಯದನ್ನು ಅಳಿಸಿ ಉಂಟಾದ ಸಂದುಗಳಲ್ಲಿ ಹೊಸದು ಹಂಚಿಹೋಗುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಬೇಕಾದ ಜಾಗ ಅದನ್ನು ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ 4.2 ಮಿಲಿಸೆಕೆಂಡು ಬೇಕು, ಹೆಡ್ ಸರಿಯುವ ಹೊತ್ತು ಬೇರೆ. ಸಾವಿರ ಕಡೆ ಚದುರಿದ ಕಡತವನ್ನು ಓದುವಾಗ ಈ ಕಾಯುವಿಕೆಯೇ ಹತ್ತು ಸೆಕೆಂಡು ದಾಟಬಹುದು.

ಆಗ ನನ್ನಲ್ಲಿದ್ದದ್ದು ವಿಂಡೋಸ್ 7. ಅದರ ಡಿಫ್ರಾಗ್, ಅಂದರೆ ಚದುರಿದ ಕಡತದ ತುಂಡುಗಳನ್ನು ಒಟ್ಟಿಗೆ ಜೋಡಿಸುವ ಉಪಕರಣ, ಬುಧವಾರ ನಸುಕಿನ ಒಂದು ಗಂಟೆಗೆ ತಾನಾಗಿ ನಡೆಯುವಂತೆ ಮೊದಲೇ ನಿಗದಿಯಾಗಿರುತ್ತದೆ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಕಂಪ್ಯೂಟರ್ ಆರಿರುತ್ತಿದ್ದುದರಿಂದ ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ನಾನೇ ನಡೆಸುತ್ತಿದ್ದೆ. ಯುಪಿಎಸ್ ತುಂಬಿದೆಯೇ ಎಂದು ನೋಡಿಕೊಂಡು, ಮೊದಲು ವಿಶ್ಲೇಷಣೆಯ ಗುಂಡಿ ಒತ್ತಿ, ಬಂದ ತುಂಡಾಗುವಿಕೆಯ ಶೇಕಡಾವಾರನ್ನು ನೋಟ್‌ಬುಕ್ಕಿನಲ್ಲಿ ಬರೆದು, ಫ್ಯಾನ್ ಆರಿಸಿ ಕೂರುತ್ತಿದ್ದೆ. ಫ್ಯಾನಿನ ಸದ್ದಿಲ್ಲದಾಗ ಹೆಡ್ ಓಡಾಡುವ ಸಣ್ಣ ಕಟಕಟ ಸ್ಪಷ್ಟವಾಗಿ ಕೇಳುತ್ತಿತ್ತು. ವಿಂಡೋಸ್ 98ರ ಕಾಲದಲ್ಲಿ ಪರದೆಯ ಮೇಲೆ ಬಣ್ಣದ ಚೌಕಗಳು ಒಂದೊಂದಾಗಿ ಸಾಲಾಗುವುದನ್ನು ನೋಡಿ ಬೆಳೆದವನಿಗೆ ಆ ಶಬ್ದವೂ ಅಷ್ಟೇ ನೆಮ್ಮದಿ ಕೊಡುತ್ತಿತ್ತು.

2019ರ ಮಳೆಗಾಲದಲ್ಲಿ ಡಿಸ್ಕ್ ನಿಧಾನವಾಯಿತು. ಕೆಲವು ಕಡತಗಳನ್ನು ತೆರೆಯುವಾಗ ಇಡೀ ಕಂಪ್ಯೂಟರ್ ಅರ್ಧ ನಿಮಿಷ ಸ್ತಬ್ಧವಾಗುತ್ತಿತ್ತು. ವಿಶ್ಲೇಷಣೆ ತೋರಿಸಿದ್ದು ಶೇ. 4 ಮಾತ್ರ. ಆದರೂ ನಿಧಾನಕ್ಕೆ ತುಂಡಾಗುವಿಕೆಯೇ ಕಾರಣವೆಂದು ನಂಬಿ ಒಂದೇ ವಾರದಲ್ಲಿ ಮೂರು ಬಾರಿ ಡಿಫ್ರಾಗ್ ನಡೆಸಿದೆ. ಮೂರನೆಯ ಬಾರಿ ಅದು ಮಧ್ಯದಲ್ಲಿಯೇ ನಿಂತಿತು. ಡಿಸ್ಕಿನ ಮೇಲ್ಮೈ ಕೆಡುತ್ತಿತ್ತು. ಓದಲಾಗದ ಸೆಕ್ಟರನ್ನು (ದತ್ತಾಂಶ ಇಡುವ ಸಣ್ಣ ಭಾಗವನ್ನು) ಡಿಸ್ಕ್ ಮತ್ತೆ ಮತ್ತೆ ಓದಲು ಯತ್ನಿಸುತ್ತಿದ್ದುದೇ ಆ ಸ್ತಬ್ಧತೆಗೆ ಕಾರಣ. ಅಂತಹ ಡಿಸ್ಕಿನ ಮೇಲೆ ನಾನು ರಾಶಿ ರಾಶಿ ದತ್ತಾಂಶವನ್ನು ಎತ್ತಿ ಇಳಿಸುವ ಹೊರೆ ಹೇರಿದ್ದೆ. ಹನ್ನೊಂದು ಕ್ಯಾಸೆಟ್‌ಗಳ ಕಡತಗಳು ಹೋದವು. ಅಟ್ಟದಿಂದ ಮೂಲ ಕ್ಯಾಸೆಟ್‌ಗಳನ್ನು ಇಳಿಸಿದರೆ ಥಂಡಿಗೆ ನಾಲ್ಕರ ಟೇಪಿಗೆ ಬೂಷ್ಟು ಹಿಡಿದಿತ್ತು. ಅವು ಮತ್ತೆ ಸಿಗಲಿಲ್ಲ. ಇದು ಡಿಫ್ರಾಗ್ ಉಪಕರಣದ ದೋಷವಲ್ಲ, ಅದು ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ನಾನು ನೋಡಬೇಕಾಗಿದ್ದ ಅಂಕಿ, ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿತ್ತು. ಅದರಲ್ಲಿ 197 ಎಂಬ ಸಂಖ್ಯೆಯಿರುವ ಸಾಲು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಸಂಖ್ಯೆ, ಸೊನ್ನೆಯಿಂದ ಮೇಲೇರತೊಡಗಿದ ದಿನವೇ ನಕಲು ಮಾಡಿಕೊಳ್ಳಲು ಶುರು ಮಾಡಬೇಕಿತ್ತು. ಐದು ವರ್ಷ ಆ ವರದಿಯನ್ನು ಒಮ್ಮೆಯೂ ತೆರೆದಿರಲಿಲ್ಲ.

ಎರಡನೆಯ ಡಿಸ್ಕನ್ನು 2020ರಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟುವಿನೊಂದಿಗೆ, ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ (ಕಡತಗಳಿಗೆ ಡಿಸ್ಕಿನಲ್ಲಿ ಜಾಗ ಹಂಚುವ ಕ್ರಮ) ಆರಂಭಿಸಿದೆ. ಲಿನಕ್ಸಿಗೆ ಡಿಫ್ರಾಗ್ ಬೇಕಿಲ್ಲ ಎಂಬ ಮಾತನ್ನು ನಾನು ನಂಬಿರಲಿಲ್ಲ. ಕಳೆದ ತಿಂಗಳು ಅದರ ಡಿಫ್ರಾಗ್ ಉಪಕರಣವಾದ ಇ4ಡಿಫ್ರಾಗ್‌ನಲ್ಲಿ ಪರಿಶೀಲನೆ ಮಾತ್ರ ನಡೆಸಿದಾಗ ಕ್ಯಾಸೆಟ್ ಫೋಲ್ಡರಿಗೆ ಬಂದ ಅಂಕ ಸೊನ್ನೆ. 30ರವರೆಗೂ ಚಿಂತೆಯಿಲ್ಲವೆಂದು ಆ ಉಪಕರಣವೇ ಹೇಳುತ್ತದೆ. ಐದು ವರ್ಷ ಅದೇ ಅಭ್ಯಾಸದಲ್ಲಿ ಬಳಸಿದ ಮೇಲೆ ಬಂದ ಈ ಅಂಕವನ್ನು ಕಂಡು ನಿಜಕ್ಕೂ ಸಂತೋಷವಾಯಿತು. ಎಕ್ಸ್ಟ್4 ಬರೆಯಬೇಕಾದ್ದನ್ನು ಕೆಲಹೊತ್ತು ಮೆಮೊರಿಯಲ್ಲಿಯೇ ಇಟ್ಟುಕೊಂಡು, ಕಡತ ಎಷ್ಟು ಬೆಳೆಯುತ್ತದೆಂದು ಕಂಡ ಮೇಲೆ ಅದಕ್ಕೆ ಒಟ್ಟಾಗಿ ಜಾಗ ಗೊತ್ತುಮಾಡುತ್ತದೆ. ಡಿಸ್ಕನ್ನು ಶೇ. 80ಕ್ಕಿಂತ ಹೆಚ್ಚು ತುಂಬದಂತೆ ನಾನು ನೋಡಿಕೊಂಡದ್ದೂ ಸಹಾಯವಾಗಿರಬೇಕು. ತುಂಬಿ ತುಳುಕುವ ಡಿಸ್ಕಿನಲ್ಲಿ ಯಾವ ವ್ಯವಸ್ಥೆಗೂ ಉದ್ದನೆಯ ಖಾಲಿ ಜಾಗ ಸಿಗುವುದಿಲ್ಲ.

ತಮ್ಮನ ಹಳೆಯ ಮ್ಯಾಕ್ ಬಗ್ಗೆ ಹೇಳಲು ಹೆಚ್ಚೇನಿಲ್ಲ. 2003ರ ಪ್ಯಾಂಥರ್ ಆವೃತ್ತಿಯಿಂದಲೂ ಅದರ ಕಡತ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್, 20 ಎಂಬಿಗಿಂತ ಚಿಕ್ಕದಾಗಿದ್ದು ಎಂಟಕ್ಕಿಂತ ಹೆಚ್ಚು ತುಂಡಾದ ಕಡತಗಳನ್ನು ತೆರೆದಾಗ ತಾನೇ ಜೋಡಿಸಿಕೊಳ್ಳುತ್ತದೆ. ನನ್ನ ಕ್ಯಾಸೆಟ್‌ಗಳಷ್ಟು ದೊಡ್ಡವು ಆ ಮಿತಿಯೊಳಗೆ ಬರುವುದಿಲ್ಲ. ಎಸ್‌ಎಸ್‌ಡಿ ಇರುವವರಿಗೆ ಈ ಹಳೆಯ ಬಗೆಯ ಜೋಡಣೆಯ ಅಗತ್ಯವಿಲ್ಲ, ಅದರಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಹೆಡ್ಡೂ ಇಲ್ಲ. ಇಷ್ಟು ಕ್ಯಾಸೆಟ್ ಹಿಡಿಸುವ ಎಸ್‌ಎಸ್‌ಡಿ, ಅದರ ನಕಲಿಗೆ ಇನ್ನೊಂದು, ಎರಡೂ ಸೇರಿದರೆ ನನ್ನ ಕೈಗೆ ಎಟುಕುವ ಬೆಲೆಯಲ್ಲ. ಹಾಗಾಗಿ ಉಳಿಸಿದ ಹಣದಲ್ಲಿ ಇನ್ನೊಂದು ಹಾರ್ಡ್ ಡಿಸ್ಕನ್ನೇ ಕೊಂಡು ನಕಲಿಗೆ ಮೀಸಲಿಟ್ಟಿದ್ದೇನೆ, ಹಣದ ಮಿತಿಯಿರುವವರಿಗೂ ಅದನ್ನೇ ಹೇಳುತ್ತೇನೆ.

ಭಾನುವಾರ ಈಗಲೂ ಫ್ಯಾನ್ ಆರಿಸಿ ಕೂರುತ್ತೇನೆ. ಮೊದಲು ಸ್ಮಾರ್ಟ್ ವರದಿಯ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಅವು ಸರಿಯಿದ್ದರೆ ಮಾತ್ರ ವಾರದ ಹೊಸ ಕಡತಗಳನ್ನು ನಕಲಿನ ಡಿಸ್ಕಿಗೆ ಕಳಿಸುತ್ತೇನೆ. ಈ ವಾರ ಬರೆದದ್ದು: ಓಡಿದ್ದು 6,912 ಗಂಟೆ, ಕೆಟ್ಟದ್ದರ ಬದಲಿಗೆ ಬಳಸಿದ ಸೆಕ್ಟರ್ 0, ಬಾಕಿ ಸೆಕ್ಟರ್ 0.