ಮೌತ್ ಆರ್ಗನ್ ಕಲಿಯಲು ಯಾವುದು ಕೊಳ್ಳಬೇಕು? ಮೂರು ಬಗೆ, ಒಂದೇ ಪರೀಕ್ಷೆ

ಮೌತ್ ಆರ್ಗನ್‌ನಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಹತ್ತು ತೂತಿನ ಪುಟ್ಟ ಡಯಾಟೋನಿಕ್, ಎರಡು ಸಾಲು ತೂತಿರುವ ಉದ್ದನೆಯ ಟ್ರೆಮೊಲೊ, ಪಕ್ಕದಲ್ಲಿ ಒತ್ತುವ ಗುಂಡಿ ಇರುವ ಕ್ರೊಮ್ಯಾಟಿಕ್. ಮೂರನ್ನೂ ಸಿ ಕೀಯಲ್ಲೇ (ಪಾಶ್ಚಾತ್ಯರ ಸಿ ಸ್ವರವೇ ಸ ಆಗಿರುವುದು) ತೆಗೆದುಕೊಂಡು ನುಡಿಸಿ ನೋಡಿದ್ದೇನೆ. ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ. ಮೊದಲು ಐದೇ ಸ್ವರದ ಮೋಹನ ರಾಗ, ಆಮೇಲೆ ಸಂಗೀತ ಪಾಠದಲ್ಲಿ ಎಲ್ಲರೂ ಶುರು ಮಾಡುವ ಮಾಯಾಮಾಳವಗೌಳ ರಾಗದ ಸರಳೆ ವರಸೆ.

ಟ್ರೆಮೊಲೊ ಮೊದಲ ದಿನವೇ ಕಿವಿಗೆ ಹಿತ. ಪ್ರತಿ ಸ್ವರಕ್ಕೂ ಎರಡು ರೀಡ್ (ಉಸಿರಿಗೆ ಕಂಪಿಸುವ ಲೋಹದ ಪಟ್ಟಿ), ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅದಕ್ಕೇ ನಾದ ಅಲೆಅಲೆಯಾಗಿ ಬರುತ್ತದೆ. ಮೋಹನ ಸಲೀಸಾಗಿ ಬಂತು. ಮಾಯಾಮಾಳವಗೌಳ ಮಾತ್ರ ಬರಲೇ ಇಲ್ಲ, ಏಕೆಂದರೆ ಶುದ್ಧ ರಿಷಭ, ಶುದ್ಧ ಧೈವತ (ರಿ, ದಗಳ ಅರ್ಧ ಸ್ವರ ತಗ್ಗಿದ ರೂಪ) ಅದರಲ್ಲಿ ಇಲ್ಲವೇ ಇಲ್ಲ. ಅರ್ಧ ಸ್ವರ ಮೇಲಿನ ಸಿ ಶಾರ್ಪ್‌ನ ಇನ್ನೊಂದು ಟ್ರೆಮೊಲೊವನ್ನೂ ಜೊತೆಗೆ ಹಿಡಿದು ಎರಡರ ಮೇಲೂ ಓಡಾಡುವವರಿದ್ದಾರೆ. ಹೊಸಬರಿಗೆ ಅದು ಆಗುವ ಮಾತಲ್ಲ.

ಡಯಾಟೋನಿಕ್ ಕಥೆಯೇ ಬೇರೆ. ನಾಲ್ಕನೇ ತೂತಲ್ಲಿ ಊದಿದರೆ ಸ, ಉಸಿರು ಒಳಗೆ ಎಳೆದರೆ ರಿ. ಐದರಲ್ಲಿ ಗ, ಮ. ಆರರಲ್ಲಿ ಪ, ದ. ಏಳರಲ್ಲಿ ಮಾತ್ರ ತಿರುವುಮುರುವು: ಎಳೆದರೆ ನಿ, ಊದಿದರೆ ಮೇಲಿನ ಸ. ಎಲ್ಲ ಹೊಸಬರೂ ಎಡವುವ ಜಾಗ ಇದು. ಮೋಹನಕ್ಕೆ ಮ, ನಿ ಬೇಡವಲ್ಲ, ಹಾಗಾಗಿ ನಾಲ್ಕರಿಂದ ಏಳರೊಳಗೆ ಮುಗಿದುಹೋಗುತ್ತದೆ. ಶುದ್ಧ ರಿಷಭ ಬೇಕಾದರೆ ನಾಲ್ಕನ್ನು ಎಳೆಯುತ್ತಲೇ ಸ್ವರವನ್ನು ಬಗ್ಗಿಸಬೇಕು. ಇದಕ್ಕೆ ಬೆಂಡಿಂಗ್ ಅನ್ನುತ್ತಾರೆ. ಜೋರಾಗಿ ಎಳೆದರೆ ಪ್ರಯೋಜನವಿಲ್ಲ. ಉಸಿರು ಒಳಗೆ ಹೋಗುತ್ತಿರುವಾಗಲೇ ಬಾಯೊಳಗಿನ ಆಕಾರ ‘ಈ’ಯಿಂದ ‘ಊ’ಗೆ ಬರಬೇಕು, ನಾಲಿಗೆಯ ಹಿಂಭಾಗ ಹಿಂದಕ್ಕೆ ಸರಿಯಬೇಕು. ಆರನೇ ತೂತಲ್ಲೂ ಹಾಗೇ ಮಾಡಿದರೆ ಶುದ್ಧ ಧೈವತ. ಬೇಗ ಕೈಗೆ ಸಿಗುವ ವಿದ್ಯೆಯಲ್ಲ ಇದು. ಆದರೆ ಒಮ್ಮೆ ಬಂತೆಂದರೆ ಸ್ವರ ಜಾರುತ್ತಾ ಇಳಿಯುತ್ತದೆ, ಥೇಟ್ ನಮ್ಮ ಸಂಗೀತದಲ್ಲಿ ಸ್ವರವನ್ನು ಜಾರಿಸುವ, ತೂಗಿಸುವ ಗಮಕದ ಹತ್ತಿರಕ್ಕೆ. ಅಮೆರಿಕದ ಬ್ಲೂಸ್‌ನವರು ಇದನ್ನು ಕೈಬಿಡದಿರುವುದೂ ಈ ಜಾರುವಿಕೆಗೇ. ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ಹೊರತಂದ ಮೆರೈನ್ ಬ್ಯಾಂಡ್ ಈ ಜಾತಿಯದೇ. ಒಂದು ಕೊರತೆ: ಮಂದ್ರದಲ್ಲಿ (ನಾಲ್ಕನೇ ತೂತಿನ ಸ ಸ್ವರಕ್ಕಿಂತ ಕೆಳಗೆ) ಮ, ದ ಇಲ್ಲ, ಅವನ್ನೂ ಬಗ್ಗಿಸಿಯೇ ತರಬೇಕು.

ಕ್ರೊಮ್ಯಾಟಿಕ್‌ನಲ್ಲಿ ಈ ಪರದಾಟವೇ ಇಲ್ಲ. ಗುಂಡಿ ಒತ್ತಿದರೆ ಪ್ರತಿ ಸ್ವರವೂ ಅರ್ಧ ಸ್ವರ ಮೇಲಕ್ಕೆ ಹೋಗುತ್ತದೆ. ಸ ಊದುತ್ತಾ ಒತ್ತಿ, ಶುದ್ಧ ರಿಷಭ. ಪ ಊದುತ್ತಾ ಒತ್ತಿ, ಶುದ್ಧ ಧೈವತ. ಹನ್ನೆರಡು ತೂತಿನದರಲ್ಲಿ ನಾಲ್ಕು ತೂತಿಗೊಂದು ಸ್ಥಾಯಿ (ಸ ಇಂದ ಮೇಲಿನ ಸ ತನಕ), ಮೂರು ಸ್ಥಾಯಿಯಲ್ಲೂ ಜೋಡಣೆ ಒಂದೇ. ಸರಳೆ ವರಸೆ ಮೊದಲು ಪೂರ್ತಿಯಾಗಿ ಬಂದಿದ್ದು ಇದರಲ್ಲೇ. ಆದರೆ ಗುಂಡಿಯಲ್ಲಿ ಸ್ವರ ಜಿಗಿಯುತ್ತದೆ, ಜಾರುವುದಿಲ್ಲ. ಬೆಲೆಯೂ ಜಾಸ್ತಿ, ಉಸಿರೂ ಜಾಸ್ತಿ ಬೇಕು. ಒಳಗಿನ ತೆಳು ಪ್ಲಾಸ್ಟಿಕ್ ಪಟ್ಟಿಗಳು ಉಸಿರಿನ ತೇವಕ್ಕೆ ಅಂಟಿಕೊಳ್ಳುತ್ತವೆ. ನುಡಿಸುವ ಮೊದಲು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು.

ಸಂಗೀತದ ಗಂಧವೇ ಇಲ್ಲದೆ ಶುರು ಮಾಡುವವರಿಗೆ ನಾನು ಹೇಳುವುದು ಹತ್ತು ತೂತಿನ ಸಿ ಡಯಾಟೋನಿಕ್. ಮರದ ಬದಲು ಪ್ಲಾಸ್ಟಿಕ್ ಒಡಲಿನದೇ ಇರಲಿ, ತೇವಕ್ಕೆ ಉಬ್ಬುವುದಿಲ್ಲ. ಒಂದೊಂದೇ ಸ್ವರ ಬಿಡಿಯಾಗಿ ಬರುವ ತನಕ ಬೆಂಡಿಂಗ್ ತಂಟೆಗೆ ಹೋಗಬೇಡಿ. ಈಗಾಗಲೇ ಪಾಠ ಆಗಿದ್ದು, ಸ್ವರಜ್ಞಾನ ಇರುವವರು ಸುಮ್ನೆ ಕಾಯದೆ ನೇರವಾಗಿ ಕ್ರೊಮ್ಯಾಟಿಕ್‌ಗೇ ಹೋಗಬಹುದು. ಮನೆಯಲ್ಲಿ ಹಳೆಯ ಟ್ರೆಮೊಲೊ ಇದ್ದರೆ ಅದನ್ನೂ ಬಿಡಬೇಡಿ, ಅದರಲ್ಲಿ ತಾನಾಗಿಯೇ ಬರುವ ಏಳು ಸ್ವರಗಳ ರಾಗ ಶಂಕರಾಭರಣ; ಆ ಸ್ವರಗಳಲ್ಲೇ ನಡೆಯುವ ಸರಳ ಹಾಡುಗಳು ಅದರಲ್ಲಿ ಕೇಳುವಷ್ಟು ಚೆನ್ನಾಗಿ ಉಳಿದೆರಡರಲ್ಲೂ ಕೇಳುವುದಿಲ್ಲ.