ಕಯಾಕಿನಲ್ಲಿ ಜೀವಂತ ಎರೆ: ಗುಳ್ಳೆ ಬಕೆಟ್ಟೋ, ರೆಡಿಮೇಡ್ ಟ್ಯಾಂಕೋ, ಮನೆಯ ಡ್ರಮ್ಮೋ?

ಅಮೆರಿಕದ ಸ್ಯಾನ್ ಡಿಯಾಗೋದ ಲಾ ಹೋಯಾ ಕರಾವಳಿಯಲ್ಲಿ ಕಯಾಕ್ (ಹುಟ್ಟು ಹಾಕೋ ಸಣ್ಣ ದೋಣಿ) ಇಳಿಸಿ ಯೆಲ್ಲೋಟೇಲ್ ಮೀನು ಹಿಡಿಯಬೇಕಾದರೆ ಗಾಳಕ್ಕೆ ಜೀವಂತ ಮ್ಯಾಕೆರೆಲ್ ಇದ್ದರೆ ಅರ್ಧ ಕೆಲಸ ಆದಂತೆ. ನಮ್ಮ ಬಂಗುಡೆಯ ಕುಟುಂಬದ್ದೇ ಮೀನು ಇದು. ಹಿಡಿಯೋದು ಸುಲಭ, ಮಧ್ಯಾಹ್ನದವರೆಗೆ ಬದುಕಿಸೋದೇ ಕಷ್ಟ.

ಮೊದಲು ಬಕೆಟ್, ಜೊತೆಗೆ ಬ್ಯಾಟರಿಯ ಗಾಳಿ ಪಂಪು. ಅಗ್ಗ, ಹಗುರ. ಸಿಗಡಿಗೆ ಸಾಕು. ಆದರೆ ಮ್ಯಾಕೆರೆಲ್ ಬಾಯಿ ತೆರೆದು ಈಜುತ್ತಲೇ ಇದ್ದರೆ ಮಾತ್ರ ಅದರ ಕಿವಿರಿಗೆ ನೀರು ಸಿಗುತ್ತದೆ. ಬಕೆಟ್‌ನಲ್ಲಿ ಎಲ್ಲಿ ಈಜುತ್ತೆ, ಪಾಪ? ಗುಳ್ಳೆ ಆಮ್ಲಜನಕ ಕೊಡುತ್ತದೆ, ಮೀನು ಬಿಟ್ಟ ಅಮೋನಿಯಾ ಅಲ್ಲೇ ಉಳಿಯುತ್ತದೆ. ಮೇಲೆ ನೊರೆ ಕಟ್ಟಿತೋ, ಕಥೆ ಮುಗೀತು.

ಗೆಳೆಯನ ರೆಡಿಮೇಡ್ ಟ್ಯಾಂಕ್ ಚೆನ್ನಾಗಿದೆ. ಪಂಪು, ಬ್ಯಾಟರಿ, ಗಾಳದ ರಾಡ್ ಸಿಕ್ಕಿಸೋ ಜಾಗ ಎಲ್ಲಾ ಇದೆ. ಬೆಲೆ ಜಾಸ್ತಿ, ಆಕಾರ ಚೌಕ. ಮೂಲೆಗೆ ಗುದ್ದಿ ಗುದ್ದಿ ಮೀನಿನ ಮೂತಿ ಕೆಂಪಾಗುತ್ತದೆ.

ನನ್ನ ಓಟು ಮನೆಯಲ್ಲೇ ಮಾಡಿದ 25 ಲೀಟರಿನ ದುಂಡು ಡ್ರಮ್ಮಿಗೆ. 12 ವೋಲ್ಟಿನ ಪಂಪು ಗಂಟೆಗೆ 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಸಮುದ್ರದ ನೀರು ಎತ್ತುತ್ತದೆ. ಇಷ್ಟು ಸಣ್ಣ ಡ್ರಮ್ಮಿಗೆ ಅದು ವಿಪರೀತ, ಹಾಗಾಗಿ ನಡುವೆ ಒಂದು ವಾಲ್ವ್ ಹಾಕಿ ತಗ್ಗಿಸಿದ್ದೇನೆ. ನೀರು ಬರೋ ಪೈಪನ್ನು ಗೋಡೆಗೆ ಒರಗಿಸಿ ಓರೆಯಾಗಿ ಕೂರಿಸಿದರೆ ನೀರು ನಿಧಾನಕ್ಕೆ ಸುತ್ತುತ್ತದೆ. ಮೀನುಗಳೆಲ್ಲ ಪ್ರವಾಹಕ್ಕೆ ಎದುರಾಗಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ನಾಲ್ಕೈದಕ್ಕಿಂತ ಜಾಸ್ತಿ ತುಂಬಬೇಡಿ. ನೀರು ಹೊರಹೋಗೋ ತೂತು ಒಳಬರೋ ಪೈಪಿಗಿಂತ ದೊಡ್ಡದಿರಲಿ, ಮುಚ್ಚಳದ ಹತ್ತಿರವೇ ಇರಲಿ. ಅರ್ಧ ತುಂಬಿದ ಡ್ರಮ್ ಕುಲುಕಿ ಕಯಾಕನ್ನೇ ಓಲಾಡಿಸುತ್ತದೆ.

ಉಳಿಸಿದ ದುಡ್ಡನ್ನು ಬ್ಯಾಟರಿಗೆ ಹಾಕಿ. ಪಂಪು ಸುಮಾರು 2 ಆಂಪಿಯರ್ ಎಳೆಯುತ್ತದೆ. 7 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಮೂರು ಗಂಟೆಗೇ ಸುಸ್ತು. 12 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದಕ್ಕಿಂತ ಹಗುರ, ಐದು ಗಂಟೆ ದಾಟುತ್ತದೆ.

ತುಂಬಿದ ಡ್ರಮ್ಮಿನ ನೀರೇ 20 ಕಿಲೋ ಮೇಲೆ. ಸೀಟಿನ ಬೆನ್ನಿಗೇ ಕಟ್ಟಿ, ತುದಿಗೆ ಬೇಡ. ದಡದಿಂದ ಖಾಲಿ ಡ್ರಮ್ ಒಯ್ದು, ಅಲೆ ಒಡೆಯೋ ಜಾಗ ದಾಟಿದ ಮೇಲೆ ಪಂಪು ಹಾಕಿ. ವಾಪಸ್ ಬರುವಾಗಲೂ ಅಷ್ಟೇ, ಅಲೆಗೆ ಸಿಗೋ ಮುಂಚೆ ತಳದ ಬಿರಡೆ ಕಿತ್ತುಬಿಡಿ.