ಕಿಂಡಿ ಅಣೆಕಟ್ಟು, ಶೂನ್ಯ ಬಡ್ಡಿ ಸಾಲ: ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಹಲವು ವರ್ಷದ ಬಳಕೆಯ ನಂತರ

ಕರಾವಳಿಯ ಕೃಷಿಕರಿಗೆ ಸರ್ಕಾರ ಕೊಟ್ಟದ್ದರಲ್ಲಿ ಅತಿ ಹೆಚ್ಚು ಉಪಕಾರವಾದದ್ದು ತೋಡಿಗೆ (ಸಣ್ಣ ಹಳ್ಳಕ್ಕೆ) ಕಟ್ಟಿದ ಕಿಂಡಿ ಅಣೆಕಟ್ಟು, ಅಂದರೆ ಮಳೆ ಮುಗಿದ ಮೇಲೆ ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಕಟ್ಟ. ಮುರಕಲ್ಲಿನ (ಜಂಬಿಟ್ಟಿಗೆ) ನೆಲ ನೀರನ್ನು ಬೇಗ ಕುಡಿಯುತ್ತದೆ, ಹಾಗಾಗಿ ಹಲಗೆ ಹಾಕಿದ ಮೇಲೆ ತೋಡಿನಿಂದ ಪಂಪು ಇಡದವರ ಬಾವಿಯಲ್ಲೂ ನೀರು ಏರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಡಿಕೆ ಮರಕ್ಕೆ ಬೇಕಾದದ್ದು ಅದೇ.

ಆದರೆ ಎಲ್ಲವೂ ನಿಂತಿರುವುದು ಹಲಗೆಯ ಮೇಲೆ. ನವೆಂಬರ್ ಕೊನೆಗೆ, ಹಿಂಗಾರು ಇಳಿದ ಮೇಲೆ ಹಾಕಬೇಕು. ಮೊದಲೇ ಹಾಕಿದರೆ ಒಂದು ದೊಡ್ಡ ಮಳೆಗೆ ಹಲಗೆ ಕಿತ್ತುಹೋಗುತ್ತದೆ, ಜನವರಿಗೆ ಮುಂದೂಡಿದರೆ ತೋಡಿನ ಹರಿವೇ ಸಣ್ಣದಾಗಿ ಕಟ್ಟ ತುಂಬುವುದಿಲ್ಲ. ಮೊದಲ ಹಲಗೆ ಕೂರುವ ಕಾಂಕ್ರೀಟಿನ ಮೇಲಿರುವ ಹೂಳನ್ನು ಕೈಯಿಂದಲೇ ಬಳಿದು ತೆಗೆಯಬೇಕು, ಏಕೆಂದರೆ ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲಿಂದ. ಎರಡು ಸಾಲು ಹಲಗೆ ಇಳಿಸಿ, ನಡುವೆ ಅಂಟು ಗುಣದ ಕೆಂಪು ಮಣ್ಣನ್ನು ಅರ್ಧರ್ಧ ಅಡಿ ತುಂಬಿ ಒದ್ದೆ ಮಾಡಿ ತುಳಿಯುತ್ತಾ ಬರಬೇಕು. ಹೊಯಿಗೆ (ಮರಳು) ಬೆರೆತ ಮಣ್ಣು ಬೇಡವೇ ಬೇಡ. ಮರದ ಹಲಗೆಯಾದರೆ ಮೊದಲ ಕೆಲವು ದಿನ ಸೋರುತ್ತದೆ, ನೀರು ಕುಡಿದು ಉಬ್ಬಿದ ಮೇಲೆ ನಿಲ್ಲುತ್ತದೆ. ಮೇ ಮುಗಿಯುವುದರೊಳಗೆ ತೆಗೆಯದಿದ್ದರೆ ಮಳೆಗಾಲದ ಕಸ, ಮರದ ದಿಮ್ಮಿ ಕಿಂಡಿಗೆ ಸಿಕ್ಕಿಕೊಂಡು ನೀರು ಪಕ್ಕಕ್ಕೆ ತಿರುಗುತ್ತದೆ, ದಡದ ತೋಟ ಕೊಚ್ಚಿಹೋಗುತ್ತದೆ.

ಬೇಸರ ಇಲ್ಲಿಯೇ. ಕಟ್ಟಲು ಹಣ ಬರುತ್ತದೆ, ಪ್ರತಿ ವರ್ಷ ಹಲಗೆ ಹಾಕಿ ತೆಗೆಯುವ ಕೂಲಿಗೆ ಮಾತ್ರ ಹೊಣೆ ಹೊರುವವರಿಲ್ಲ. ಬಳಕೆದಾರರೇ ಸಮಿತಿ ಮಾಡಿ, ಹಲಗೆಗೆ ನಂಬರ್ ಬರೆದು, ಬೀಗವಿರುವ ಶೆಡ್ಡಿನಲ್ಲಿ ಇಟ್ಟ ಕಡೆ ಮಾತ್ರ ಅಣೆಕಟ್ಟು ಕೆಲಸ ಮಾಡುತ್ತಿದೆ. ಉಳಿದೆಡೆ ಬರೀ ಕಂಬಗಳು.

ಸಹಕಾರ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲದ ಬಗ್ಗೆಯೂ ಹೇಳಬೇಕು. 2023ರ ರಾಜ್ಯ ಬಜೆಟ್‌ನಲ್ಲಿ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರೂ ಕೈಗೆ ಸಿಗುವ ಮೊತ್ತ ಪಹಣಿಯಲ್ಲಿರುವ ಬೆಳೆ, ವಿಸ್ತೀರ್ಣದ ಮೇಲೆಯೇ. ಗದ್ದೆ ತೋಟವಾಗಿ ಪಹಣಿಯಲ್ಲಿ ಇನ್ನೂ ಭತ್ತ ಎಂದಿದ್ದರೆ ಬೆಳೆ ಸಮೀಕ್ಷೆಯ ಹೊತ್ತಿಗೇ ಸರಿಮಾಡಿಸಿಕೊಳ್ಳಿ. ಇನ್ನು ಶೂನ್ಯ ಬಡ್ಡಿ ಎನ್ನುವುದು ವಾಯಿದೆಯೊಳಗೆ ಪೂರ್ತಿ ಕಟ್ಟಿದವರಿಗೆ ಮಾತ್ರ. ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಬಡ್ಡಿ ಬೀಳುತ್ತದೆ. ನವೀಕರಣಕ್ಕೂ ಮೊದಲು ಅಸಲು ಪೂರ್ತಿ ಕಟ್ಟಲೇಬೇಕು. ಮಾರ್ಚ್‌ನಲ್ಲಿ ಪಡೆದ ಸಾಲಕ್ಕೆ ಮರುವರ್ಷ ಮಾರ್ಚ್‌ನಲ್ಲೇ ಹಣ ಹೊಂದಿಸಬೇಕು, ಆಗ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿರುತ್ತದೆ. ಚಾಲಿ (ಬಿಸಿಲಿಗೆ ಒಣಗಿಸಿದ ಅಡಿಕೆ) ಸುಲಿದು ರೇಟು ನೋಡಿ ಕೊಡುವ ಅವಕಾಶವೇ ಇರುವುದಿಲ್ಲ, ಕೈಸಾಲ ಮಾಡಿ ಕಟ್ಟುವವರೇ ಹೆಚ್ಚು. ಒಮ್ಮೆ ಕಷ್ಟಪಟ್ಟಾದರೂ ವಾಯಿದೆಗೆ ಮೊದಲೇ ಕಟ್ಟಿ, ಹೊಸ ಸಾಲವನ್ನು ಜುಲೈ ಅಥವಾ ಆಗಸ್ಟ್‌ಗೆ ಎತ್ತಿಕೊಳ್ಳಿ. ಆಗ ಪ್ರತಿ ವರ್ಷ ವಾಯಿದೆ ಬರುವಾಗ ಸುಲಿದ ಚಾಲಿ ಮನೆಯಲ್ಲಿರುತ್ತದೆ.